ಬಸವಣ್ಣನವರ ಶಿರದ ಮೇಲಿದ್ದುದು ಕಿರೀಟವಲ್ಲ
(ಮಕ್ಕಳಿಗೆ ಅರಸೊತ್ತಿಗೆಯ ಪಾಠ: ಒಂದು ವಚನ ಚಿಂತನ)



ಅಧಿಕಾರವಾಗಲಿ, ಐಶ್ವರ್ಯವಾಗಲಿ, ಮೈಮೇಲಿನ ಆಭರಣವಾಗಲಿ ಉಳಿಯುವಂಥದಲ್ಲವೆಂದು ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಮನುಷ್ಯನನ್ನು ಎಚ್ಚರಿಸುತ್ತಾರೆ. ಆ ಮಾತಿಗೆ ಅವರು ಕೊಡುವ ಸಾಕ್ಷಿ ಪುರಾಣದ್ದಲ್ಲ, ಕಣ್ಣೆದುರಿನ ಕಲ್ಯಾಣದ್ದು. ಒಬ್ಬ ಜಂಗಮನ ಅಭಿಮಾನದ ಮುಂದೆ ಚಾಲುಕ್ಯರ ಪ್ರಭುತ್ವವೇ ನಿಲ್ಲಲಾರದೆ ಹೋಯಿತೆಂಬುದು ಆ ವಚನದ ತಾತ್ಪರ್ಯ. 973ರಲ್ಲಿ ತೈಲಪನಿಂದ ಮೊದಲಾಗಿ ಎರಡು ಶತಮಾನ ಮೆರೆದ ರಾಜವಂಶ ಅದು. ಅದನ್ನು ಬದಿಗೊತ್ತಿ 1162ರ ಸುಮಾರಿಗೆ ಕಲ್ಯಾಣದ ಗದ್ದುಗೆಯನ್ನೇರಿದವನು ಕಲಚುರಿ ಬಿಜ್ಜಳ. ಅವನ ವಂಶವಾದರೂ ಎಷ್ಟು ಕಾಲ ಬಾಳಿತು? 1180ರ ದಶಕದಲ್ಲಿಯೇ ಅದರ ಕಥೆ ಮುಗಿಯಿತು. ಗದ್ದುಗೆಯೇರಿದವರ ಹೆಸರುಗಳು ಶಾಸನಗಳಲ್ಲಿ ಉಳಿದವು. ಸೌದೆ ಮಾರಿದವರ, ಹಗ್ಗ ಹೊಸೆದವರ, ಕಸ ಗುಡಿಸಿದವರ ಮಾತುಗಳು ಜನರ ನಾಲಗೆಯಲ್ಲಿ ಉಳಿದವು.

ಈ ಅರಿವನ್ನು ಮಕ್ಕಳಿಗೆ ದಾಟಿಸಬೇಕಾದ ಶರಣ ಸಮಾಜವು ಇಂದು ಏನು ಮಾಡುತ್ತಿದೆ ಎಂಬುದನ್ನು ನಿರ್ದಾಕ್ಷಿಣ್ಯವಾಗಿ ನೋಡಿಕೊಳ್ಳುವ ಕಾಲ ಬಂದಿದೆ.

ಬಸವ ಜಯಂತಿಯ ದಿನ ಊರೂರಿನಲ್ಲಿ ಮೆರವಣಿಗೆ ಹೊರಡುತ್ತದೆ. ಅಲಂಕರಿಸಿದ ಟ್ರ್ಯಾಕ್ಟರಿನ ಮೇಲೆ ಏಳೆಂಟು ವರ್ಷದ ಬಾಲಕನೊಬ್ಬನನ್ನು ಕೂರಿಸಿರುತ್ತಾರೆ. ತಲೆಗೆ ಬೇಗಡೆ ಹಚ್ಚಿದ ರಟ್ಟಿನ ಕಿರೀಟ, ಮೈಗೆ ಜರಿಯ ನಿಲುವಂಗಿ, ಕೊರಳಿಗೆ ಮುತ್ತಿನ ಸರ, ಕೆಲವೆಡೆ ಸೊಂಟಕ್ಕೊಂದು ಖಡ್ಗ. ಆತ ಬಸವಣ್ಣ! ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿಯೂ ಇದೇ ವೇಷ. ರಾಜನ ಪಾತ್ರಕ್ಕೆ ತಂದ ಉಡುಪಿನ ಕೊರಳಿಗೆ ಇಷ್ಟಲಿಂಗವೊಂದನ್ನು ಸೇರಿಸಿದರೆ ಬಸವಣ್ಣ ಸಿದ್ಧ. ಸಮಗಾರ ಹರಳಯ್ಯನಾಗಿ, ಅಂಬಿಗರ ಚೌಡಯ್ಯನಾಗಿ, ನುಲಿಯ ಚಂದಯ್ಯನಾಗಿ ಎಷ್ಟು ಮಕ್ಕಳು ವೇದಿಕೆಯೇರುತ್ತಾರೆ? ಕಸಬರಿಗೆ ಹಿಡಿದ ಸತ್ಯಕ್ಕನಾಗಿ ತಮ್ಮ ಮಗಳನ್ನು ಕಳುಹಿಸಲು ಎಷ್ಟು ತಾಯಂದಿರು ಒಪ್ಪುತ್ತಾರೆ? ಅಲಂಕಾರದ ಆಸೆಯಿಂದ ನಡೆದುಹೋಗುವ ಈ ಸಣ್ಣ ಸಂಗತಿಯಲ್ಲಿ ಮಗು ದೊಡ್ಡದೊಂದು ಪಾಠವನ್ನು ಕಲಿತುಬಿಡುತ್ತದೆ. ಕಿರೀಟವಿದ್ದವನು ದೊಡ್ಡವನು, ಬಸವಣ್ಣನವರು ದೊಡ್ಡವರಾದುದು ಕಿರೀಟವಿದ್ದುದರಿಂದ. ಶರಣರು ಬದುಕಿಡೀ ಅಳಿಸಿಹಾಕಲು ಹೆಣಗಿದ ಪಾಠವೇ ಇದು.

ಬಿರುದುಗಳ ಬಾಯಿಪಾಠ

ಶಾಲೆಯ ಇತಿಹಾಸವೂ ಈ ದೋಷಕ್ಕೆ ಹೊರತಲ್ಲ. ವಂಶದ ಸ್ಥಾಪಕನಾರು, ರಾಜಧಾನಿ ಯಾವುದು, ಪ್ರಸಿದ್ಧ ದೊರೆ ಯಾರು, ಅವನ ಬಿರುದುಗಳೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬಾಯಿಪಾಠವಾದರೆ ಪರೀಕ್ಷೆ ದಾಟುತ್ತದೆ. ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಗೆ 'ಪರಮೇಶ್ವರ'ನೆಂಬ ಬಿರುದಿತ್ತೆಂದು ಮಗು ಬರೆಯುತ್ತದೆ, ಅಂಕ ಪಡೆಯುತ್ತದೆ. ಇನ್ನೊಬ್ಬ ಅರಸನನ್ನು ಯುದ್ಧದಲ್ಲಿ ಗೆದ್ದ ಮಾತ್ರಕ್ಕೆ ಮನುಷ್ಯನೊಬ್ಬನು ದೇವರ ಹೆಸರನ್ನು ತನಗಿಟ್ಟುಕೊಳ್ಳಬಹುದೆ ಎಂದು ಆ ಮಗುವಿಗೆ ಯಾರೂ ಕೇಳುವುದಿಲ್ಲ. ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಕೂರುವ ಮನೆಯ ಮಗುವಿಗಾದರೂ ಈ ಪ್ರಶ್ನೆ ಕೇಳಬೇಡವೆ?

ಅರಸರನ್ನು ಪಾಠದಿಂದಲೇ ಕಿತ್ತುಹಾಕಬೇಕೆಂಬುದು ಇದರ ಅರ್ಥವಲ್ಲ. ಅರಸರನ್ನೆಲ್ಲ ದುಷ್ಟರೆಂದು ಕಲಿಸುವುದೂ ಸುಳ್ಳೇ. ಐಹೊಳೆ, ಬಾದಾಮಿ, ಬಳ್ಳಿಗಾವಿಗಳಿಗೆ ಮಕ್ಕಳು ಹೋಗಲಿ. ಶಿವಪ್ಪ ನಾಯಕನು ನೆಲವನ್ನಳೆಸಿ, ಮಣ್ಣಿನ ಗುಣವನ್ನು ನೋಡಿ ಕಂದಾಯ ಗೊತ್ತುಪಡಿಸಿದ ಶಿಸ್ತಿನ ಕ್ರಮವನ್ನು ಓದಲಿ. ಆದರೆ ಓದುವಾಗ ಮೂರು ಪ್ರಶ್ನೆಗಳು ಜೊತೆಗಿರಲಿ. ಈ ವೈಭವದ ವೆಚ್ಚವನ್ನು ತೆತ್ತವರು ಯಾರು? ಈ ಅರಸನ ಮುಂದೆ ನಿಜ ನುಡಿದವನಿಗೆ ಏನಾಯಿತು? ತಪ್ಪಿ ನಡೆದ ಅರಸನನ್ನು ಕೆಳಗಿಳಿಸಲು ಜನರಿಗೆ ದಾರಿಯಿತ್ತೆ? ಈ ಮೂರನ್ನು ಕೇಳಲು ಕಲಿತ ಮಗುವಿಗೆ ಯಾವ ರಾಜವಂಶದ ಪಾಠವೂ ಕೇಡು ಮಾಡದು.

ಮೂರೂ ಪ್ರಶ್ನೆಗಳಿಗೆ ಕಲ್ಯಾಣವೇ ಉತ್ತರ ಕೊಡುತ್ತದೆ. ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಆಸೆಪಡುವುದು ರಾಜರ ಲಕ್ಷಣವೆಂದೂ ಭಕ್ತನ ಮನೆಗೆ ಅದು ಸಲ್ಲದೆಂದೂ ಆಕೆ ಗಂಡನನ್ನು ತಿದ್ದಿದಳು. ಎರಡು ಹಿಡಿ ಅಕ್ಕಿಯ ನೆಪದಲ್ಲಿ ಆ ತಾಯಿ ಇಡೀ ಅರಸೊತ್ತಿಗೆಯ ಬೇರನ್ನೇ ತೋರಿಸಿಕೊಟ್ಟಳು. ಬೇಕಾದುದಕ್ಕಿಂತ ಹೆಚ್ಚನ್ನು ಕೂಡಿಡುವ ಆಸೆಯೇ ಕೋಟೆಯಾಗುತ್ತದೆ, ಕೊಪ್ಪರಿಗೆಯಾಗುತ್ತದೆ, ಕೊನೆಗೆ ಕಿರೀಟವಾಗುತ್ತದೆ. ಇದು ವೈಭವದ ವೆಚ್ಚ ತೆತ್ತವರ ಪ್ರಶ್ನೆಗೆ ಉತ್ತರ.

ನಿಜ ನುಡಿದವರ ಪಾಡು ಏನಾಯಿತೆಂಬುದಕ್ಕೆ ಹರಳಯ್ಯ ಮಧುವರಸರೇ ಸಾಕ್ಷಿ. ಸಮಗಾರನ ಮಗನಿಗೆ ಬ್ರಾಹ್ಮಣನ ಮಗಳನ್ನು ಧಾರೆಯೆರೆದ ತಪ್ಪಿಗೆ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಗಳಲ್ಲಿ ಎಳೆಸಿದರೆಂದು ಶರಣ ಪರಂಪರೆ ನೆನೆಯುತ್ತದೆ. ಆಜ್ಞೆ ಅರಮನೆಯದು. ತಡೆಯುವ ಶಕ್ತಿ ಯಾವ ನ್ಯಾಯಸ್ಥಾನಕ್ಕೂ ಇರಲಿಲ್ಲ, ಏಕೆಂದರೆ ಅರಸನೇ ನ್ಯಾಯಸ್ಥಾನ. ಕೆಳಗಿಳಿಸುವ ದಾರಿಯೂ ಇಲ್ಲದ್ದರಿಂದಲೇ ಬಿಜ್ಜಳನ ಅಂತ್ಯ ಕತ್ತಿಯಿಂದ ಆಯಿತು. ಅದರ ಬೆನ್ನಿಗೆ ಶರಣರು ದಿಕ್ಕಾಪಾಲಾಗಿ ಉಳವಿಯ ಕಾಡುದಾರಿ ಹಿಡಿಯಬೇಕಾಯಿತು.

ಒಂದೇ ತಾಲ್ಲೂಕಿನ ಮೂರು ಊರುಗಳು

ಕಲ್ಯಾಣದ ಕಥೆ ಬಹಳ ಹಳೆಯದು, ಅದರಿಂದ ಇಂದಿನ ಮಕ್ಕಳಿಗೆ ಏನು ಪ್ರಯೋಜನ ಎನ್ನುವವರು ಶಿಕಾರಿಪುರ ತಾಲ್ಲೂಕಿನ ನಕಾಶೆಯನ್ನು ಮಕ್ಕಳ ಮುಂದೆ ಹರಡಲಿ. ಅಲ್ಲಿ ಬಳ್ಳಿಗಾವಿಯಿದೆ. ಮದ್ದಳೆಯ ನಾದದಲ್ಲಿ ಬೆಳೆದ ಅಲ್ಲಮಪ್ರಭುದೇವರು ಹುಟ್ಟಿದ ಊರದು. ಅಲ್ಲಿಯೇ ಉಡುತಡಿಯಿದೆ. ಕೌಶಿಕನ ಅರಮನೆ, ಒಡವೆ, ಅಧಿಕಾರಗಳೆಲ್ಲವನ್ನೂ ಒಂದೇ ಮಾತಿಗೆ ತೊರೆದು ಅಕ್ಕಮಹಾದೇವಿಯವರು ಹೊರನಡೆದ ಊರದು. ಅದೇ ತಾಲ್ಲೂಕಿನಲ್ಲಿ ಈಸೂರೂ ಇದೆ.

1942ರಲ್ಲಿ ಈಸೂರಿನ ಜನ ತಾವು ಸ್ವತಂತ್ರರೆಂದು ಸಾರಿ ತಮ್ಮದೇ ಸರ್ಕಾರವನ್ನು ಮಾಡಿಕೊಂಡರು. ಇಬ್ಬರು ಹುಡುಗರನ್ನೇ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರರೆಂದು ಹೆಸರಿಸಿದರು. ಮುಂದೆ ನಡೆದ ಘರ್ಷಣೆಯಲ್ಲಿ ಸರ್ಕಾರದ ಇಬ್ಬರು ಅಧಿಕಾರಿಗಳು ಸತ್ತರು. ಊರು ಪೋಲೀಸರ ಹಾವಳಿಗೆ ತುತ್ತಾಯಿತು. 1943ರ ಮಾರ್ಚ್ ತಿಂಗಳಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಗಲ್ಲಿಗೇರಿಸಿದ್ದು ಬ್ರಿಟಿಷರೇ ಎಂದು ಬಹಳಷ್ಟು ಮಕ್ಕಳು ತಿಳಿದಿರುತ್ತಾರೆ. ಬ್ರಿಟಿಷರ ನೆರಳು ಅದರ ಮೇಲೆ ಇದ್ದುದು ಹೌದು. ಆದರೆ ಈಸೂರು ಇದ್ದುದು ಮೈಸೂರು ಸಂಸ್ಥಾನದಲ್ಲಿ. ಕಾನೂನು, ಪೋಲೀಸು, ನ್ಯಾಯಾಲಯಗಳು ಸಂಸ್ಥಾನದವು. ದಸರೆಯ ಅಂಬಾರಿಯನ್ನು ಕಂಡು ಕಣ್ಣರಳಿಸುವ ಮಗುವಿಗೆ ಇದನ್ನೂ ತಿಳಿಸುವವರು ಬೇಕಲ್ಲವೆ?

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ನಾಲ್ವಡಿ ಕೃಷ್ಣರಾಜ ಒಡೆಯರಂಥ ಪುಣ್ಯಪುರುಷರನ್ನು ಪಡೆದ ನಾಡಿನಲ್ಲಿ ಅರಸೊತ್ತಿಗೆಯನ್ನು ಹೀಗಳೆಯುವುದು ಕೃತಘ್ನತೆಯಲ್ಲವೆ? ಪ್ರಶ್ನೆ ನ್ಯಾಯವಾದುದು. ಕನ್ನಂಬಾಡಿಯ ಕಟ್ಟೆ, 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ದೊರಕಿಸಲು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ, ಇವುಗಳ ಋಣವನ್ನು ಮರೆಯುವವರು ಮನುಷ್ಯರಲ್ಲ. ಮಕ್ಕಳು ಆ ಹೆಸರನ್ನು ಗೌರವದಿಂದಲೇ ಹೇಳಲಿ. ಆದರೆ ಶಿವಪುರದಲ್ಲಿ ಧ್ವಜ ಹಾರಿಸಬಾರದೆಂಬ ನಿಷೇಧ ಬಂದುದು, ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿದುದು 1938ರ ಏಪ್ರಿಲ್‌ನಲ್ಲಿ, ಅದೇ ರಾಜರ್ಷಿಯ ಆಳ್ವಿಕೆಯಲ್ಲಿ. ಅವರು 1940ರಲ್ಲಿ ಲಿಂಗೈಕ್ಯರಾದ ಅರಸರಂತೆ ಜನಮನದಲ್ಲಿ ನೆಲೆನಿಂತರು. ಮೂರು ವರ್ಷ ಕಳೆಯುವುದರೊಳಗೆ ಈಸೂರಿಗೆ ನೇಣಿನ ಹಗ್ಗ ಬಂದಿತು. ಅದಕ್ಕೂ ಮುಂಚೆ, 1830-31ರಲ್ಲಿ, ಕಂದಾಯದ ಭಾರವನ್ನೂ ಅಧಿಕಾರಿಗಳ ಸುಲಿಗೆಯನ್ನೂ ತಾಳಲಾರದೆ ನಗರ ಸೀಮೆಯ ರೈತರು ದಂಗೆಯೆದ್ದಾಗ ಆಳುತ್ತಿದ್ದವರು ಅದೇ ವಂಶದ ಮುಮ್ಮಡಿಯವರು. ಆ ದಂಗೆಯ ನೆಪದಿಂದಲೇ 1831ರಲ್ಲಿ ಕಂಪನಿ ಸರ್ಕಾರ ಆಡಳಿತವನ್ನು ಕಿತ್ತುಕೊಂಡಿತು. ಅದು ಮರಳಿದ್ದು 1881ರಲ್ಲಿ.

ಇದರಿಂದ ಕಲಿಯಬೇಕಾದುದು ಇಷ್ಟೆ. ಒಳ್ಳೆಯ ಅರಸ ಸಿಗುವುದು ಪ್ರಜೆಯ ಅದೃಷ್ಟ; ಅದೃಷ್ಟವನ್ನು ನೆಚ್ಚಿ ಯಾವ ಜನಾಂಗವೂ ಬಾಳಲಾಗದು. ಮುಂಗಾರು ಒಮ್ಮೆ ಚೆನ್ನಾಗಿ ಸುರಿಯಿತೆಂದು ರೈತನು ಕೆರೆ ಕಟ್ಟುವುದನ್ನು ಬಿಡುವನೆ? 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದ ಮೇಲೂ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರಿನ ಜನ ಮತ್ತೆ ಚಳವಳಿ ಹೂಡಬೇಕಾಯಿತು; ಅಕ್ಟೋಬರಿನಲ್ಲಿ ಜನರ ಮಂತ್ರಿಮಂಡಲ ಬಂದಿತು. ಕೆರೆ ಕಟ್ಟುವ ಕೆಲಸವೆಂದರೆ ಅದು.

ಸ್ವಂತದವರ ವಿಷಯದಲ್ಲಿ ಕಣ್ಣು ಮುಚ್ಚುವುದೂ ತರವಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮಾಜಿಯ ಕಥೆಯನ್ನು ಲಿಂಗಾಯತರ ಮನೆಗಳಲ್ಲಿ ಎದೆಯುಬ್ಬಿಸಿ ಹೇಳುತ್ತಾರೆ. ಹೇಳಲೇಬೇಕು. 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಪಡೆಯನ್ನು ಸೋಲಿಸಿ, ಕೊನೆಗೆ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಪ್ರಾಣ ಬಿಟ್ಟ ಆ ತಾಯಿ ವಂದ್ಯಳು. ಆದರೆ ಆಕೆ ವಂದ್ಯಳಾದುದು ರಾಣಿಯೆಂಬ ಕಾರಣಕ್ಕೋ, ಅನ್ಯಾಯಕ್ಕೆ ತಲೆಬಾಗಲಿಲ್ಲವೆಂಬ ಕಾರಣಕ್ಕೋ? ಈ ಪ್ರಶ್ನೆಗೆ ಸಂಗೊಳ್ಳಿ ರಾಯಣ್ಣನೇ ಉತ್ತರ. ಯಾವ ಸಿಂಹಾಸನದ ಹಕ್ಕೂ ಇಲ್ಲದ ಆ ಮಣ್ಣಿನ ಮಗ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದನು. ಧೈರ್ಯಕ್ಕೆ ಕುಲವಿಲ್ಲ, ಅರಮನೆಯೂ ಬೇಕಿಲ್ಲ ಎಂಬುದು ಇಬ್ಬರನ್ನೂ ಜೊತೆಗಿಟ್ಟು ಹೇಳಿದಾಗ ಮಾತ್ರ ಮಗುವಿಗೆ ತಿಳಿಯುತ್ತದೆ.

ಇಂದಿನ ಅರಸರು

ರಾಜರ ಕಾಲ ಮುಗಿಯಿತಲ್ಲ, ಇನ್ನೇಕೆ ಈ ಚರ್ಚೆ ಎಂಬುದು ಮತ್ತೊಂದು ಆಕ್ಷೇಪ. ಮುಗಿದಿಲ್ಲ. ಜಗತ್ತಿನ ನಲವತ್ತಕ್ಕೂ ಹೆಚ್ಚು ದೇಶಗಳಿಗೆ ಇಂದಿಗೂ ರಾಜನೋ ರಾಣಿಯೋ ಮುಖ್ಯಸ್ಥರು. 2023ರ ಮೇ 6ರಂದು ಲಂಡನ್ನಿನಲ್ಲಿ ಮೂರನೆಯ ಚಾರ್ಲ್ಸ್‌ನ ಪಟ್ಟಾಭಿಷೇಕವನ್ನು ಇಲ್ಲಿಯ ಮಕ್ಕಳೂ ದೂರದರ್ಶನದಲ್ಲಿ ಕಂಡರು. ಆ ರಾಜನಿಗೆ ಕಿರೀಟವಿದೆ, ಕಾನೂನು ಮಾಡುವ ಅಧಿಕಾರ ಮಾತ್ರ ಸಂಸತ್ತಿನದು. ಸೌದಿ ಅರೇಬಿಯದಲ್ಲಿ ಹಾಗಲ್ಲ. ಅಲ್ಲಿ ರಾಜನ ಮಾತೇ ಆಡಳಿತ. ಥಾಯ್ಲೆಂಡಿನಲ್ಲಿ ರಾಜನನ್ನು ನಿಂದಿಸಿದರೆ ಒಂದೊಂದು ಅಪರಾಧಕ್ಕೂ 15 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ನೆರೆಯ ನೇಪಾಳವು 2008ರ ಮೇ 28ರಂದು ಸುಮಾರು 240 ವರ್ಷಗಳ ಅರಸೊತ್ತಿಗೆಯನ್ನು ತೆಗೆದುಹಾಕಿತು. ಅದೇ ವರ್ಷ ಭೂತಾನದಲ್ಲಿ ಸಂವಿಧಾನ ಜಾರಿಗೆ ಬಂದಿತು. ರಾಜನು 65ನೆಯ ವಯಸ್ಸಿಗೆ ನಿವೃತ್ತನಾಗಬೇಕೆಂದು ಅದು ವಿಧಿಸಿತು. ಅರಸನೆಂಬ ಒಂದೇ ಪದದ ಕೆಳಗೆ ಎಷ್ಟು ಭಿನ್ನವಾದ ವ್ಯವಸ್ಥೆಗಳು! ಅರಸನಿದ್ದಾನೆಯೇ ಎಂಬುದಕ್ಕಿಂತ ಅವನನ್ನು ಪ್ರಶ್ನಿಸಬಹುದೇ ಎಂಬುದು ಮುಖ್ಯವೆಂದು ಮಕ್ಕಳು ತಾವಾಗಿಯೇ ಕಂಡುಕೊಳ್ಳುತ್ತಾರೆ.

ಭಾರತದ ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ರದ್ದುಗೊಳಿಸಿದೆ. 1971ರ 26ನೆಯ ತಿದ್ದುಪಡಿಯು ಮಾಜಿ ಅರಸರ ರಾಜಧನವನ್ನೂ ಮಾನ್ಯತೆಯನ್ನೂ ಕೊನೆಗಾಣಿಸಿತು. ಅರಸರು ಕುಳಿತು ಹೋಗುತ್ತಿದ್ದ ಮೈಸೂರಿನ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ಮೂರ್ತಿ ಸಾಗುತ್ತದೆ. 2024ರಲ್ಲಿ ಅದೇ ರಾಜವಂಶದವರೊಬ್ಬರು ಲೋಕಸಭೆಗೆ ಹೋದುದು ಪಟ್ಟದ ಹಕ್ಕಿನಿಂದಲ್ಲ, ಬೀದಿ ಗುಡಿಸುವವರಲ್ಲಿಯೂ ಮತ ಬೇಡಿ. ಒಬ್ಬರಿಗೆ ಒಂದೇ ಮತ. ಅನುಭವ ಮಂಟಪದ ಆಶಯಕ್ಕೆ ಇಷ್ಟು ಹತ್ತಿರವಾದ ಇನ್ನೊಂದು ಲೌಕಿಕ ನಿಯಮವನ್ನು ತೋರಿಸುವುದು ಕಷ್ಟ.

ಆದರೂ ಅರಸುತನದ ಹುಚ್ಚು ಕಾಗದದ ಮೇಲೆ ಸತ್ತಿತೇ ಹೊರತು ಮನಸ್ಸಿನಲ್ಲಿ ಸಾಯಲಿಲ್ಲ. ಗೆದ್ದ ನಾಯಕನಿಗೆ ಮೈಸೂರು ಪೇಟ ತೊಡಿಸಿ ಬೆಳ್ಳಿಯ ಗದೆ ಕೊಟ್ಟು ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸದಿದ್ದರೆ ಸಮಾರಂಭವೇ ಆಗದು. ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ ಕ್ಷೇತ್ರವನ್ನಾಳುವುದು ಸಹಜವೆನಿಸಿಬಿಟ್ಟಿದೆ. ರಟ್ಟಿನ ಕಿರೀಟಕ್ಕೆ ಚಪ್ಪಾಳೆ ತಟ್ಟಿ ಬೆಳೆದ ಮಗು ನಾಳೆ ಬೆಳ್ಳಿಯ ಕಿರೀಟಕ್ಕೆ ಕೈಮುಗಿಯದೆ ಇನ್ನೇನು ಮಾಡೀತು?

ಈ ಮಾತನ್ನು ಮಠಗಳ ಹೊಸ್ತಿಲಿನಲ್ಲಿ ನಿಲ್ಲಿಸಿಬಿಟ್ಟರೆ ಅದು ಆತ್ಮವಂಚನೆಯಾದೀತು. ಜಂಗಮನನ್ನು ಪಲ್ಲಕ್ಕಿಯಲ್ಲಿ ಹೊರಿಸಿ, ಕಿರೀಟವಿಟ್ಟು, ಚಾಮರ ಬೀಸಿ ಮೆರೆಸುವ ಉತ್ಸವಗಳು ನಾಡಿನಲ್ಲಿ ನಿಂತಿಲ್ಲ. ಭಕ್ತಿಯಿಂದ ಹೊರುತ್ತೇವೆಂಬ ಭಕ್ತರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಬದಿಯಲ್ಲಿ ನಿಂತು ನೋಡುವ ಮಗುವಿಗೆ ಕಾಣುವುದು ಹೊರುವ ಹೆಗಲು ಮತ್ತು ಹೊರಿಸಿಕೊಳ್ಳುವ ದೇಹ ಮಾತ್ರ. ಕಾಯಕವೇ ಕೈಲಾಸವೆಂದು ಪ್ರವಚನ ಕೇಳಿಸಿ, ಹೊರಗೆ ಈ ದೃಶ್ಯವನ್ನು ತೋರಿಸಿದರೆ ಮಗು ಯಾವುದನ್ನು ನಂಬಬೇಕು? ಮಕ್ಕಳು ಕಿವಿಯಿಂದ ಕಲಿಯುವುದಕ್ಕಿಂತ ಕಣ್ಣಿನಿಂದ ಕಲಿಯುವುದೇ ಹೆಚ್ಚು. ಶರಣರಿಗೂ ಒಂದು ಸಿಂಹಾಸನವಿತ್ತು. ಅದರ ಹೆಸರು ಶೂನ್ಯ ಸಿಂಹಾಸನ. ಅದರ ಮೇಲೆ ಕುಳಿತವರು ಯಾವ ನೆಲದ ಒಡೆಯರೂ ಅಲ್ಲದ, ಊರಿಂದೂರಿಗೆ ಅಲೆದ ಅಲ್ಲಮಪ್ರಭುದೇವರು. ಆ ಪೀಠದ ಅರ್ಥವನ್ನು ಮಕ್ಕಳಿಗೆ ವಿವರಿಸುವುದು ಹಿರಿಯರ ಮೊದಲ ಕರ್ತವ್ಯ.

ಬಸವಣ್ಣನವರು ಮಂತ್ರಿಯಾಗಿದ್ದರಲ್ಲ, ಆದ್ದರಿಂದ ರಾಜೋಚಿತ ವೇಷ ತಪ್ಪೇನು ಎಂದು ಕೊನೆಯದಾಗಿ ಕೇಳುವವರಿದ್ದಾರೆ. ಅವರು ಬಿಜ್ಜಳನ ಭಂಡಾರವನ್ನು ಕಾದುದು ನಿಜ. ಆದರೆ ಆ ಓಲಗವನ್ನು ಅವರು ಹಿರಿಮೆಯೆಂದು ಎಲ್ಲಿಯೂ ಹೇಳಿಕೊಂಡಿಲ್ಲ. ಬಿಜ್ಜಳನಿಗೆ ತಾನು ಅಂಜುವವನಲ್ಲವೆಂದು ವಚನದಲ್ಲಿ ಬಹಿರಂಗವಾಗಿ ನುಡಿದರು. ಅಧಿಕಾರ ಅವರಿಗೆ ದಾಸೋಹದ ಸಾಧನವಾಗಿತ್ತು. ದಾಸೋಹಕ್ಕೂ ಧರ್ಮಕ್ಕೂ ಅದು ಅಡ್ಡಬಂದ ದಿನ ಅದನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಅರಸುತನವನ್ನೇ ಬಿಟ್ಟುಬಂದವರೂ ಕಲ್ಯಾಣದಲ್ಲಿದ್ದರು. ಕಾಶ್ಮೀರದ ದೊರೆಯಾಗಿದ್ದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನು ಮಡದಿಯೊಡನೆ ಬಂದು ಕಾಡಿನಲ್ಲಿ ಸೌದೆ ಕಡಿದು ಮಾರಿ ಜಂಗಮಕ್ಕೆ ಉಣಬಡಿಸಿದನು. ಬಸವಣ್ಣನವರು ಆತನ ಮನೆಯಲ್ಲಿ ಗುಟ್ಟಾಗಿ ಇಟ್ಟುಬಂದ ಹೊನ್ನನ್ನೂ ತನ್ನದೆನ್ನದೆ ಜಂಗಮರಿಗೆ ಕೊಟ್ಟುಬಿಟ್ಟನು. ರಾಜನ ಕಥೆಯೇ ಬೇಕೆಂದು ಮಗು ಹಟ ಹಿಡಿದರೆ ಮಲಗುವ ಮುನ್ನ ಹೇಳಲು ಇದಕ್ಕಿಂತ ಸೊಗಸಾದ ಕಥೆ ಯಾವುದಿದೆ?

ಬಸವಣ್ಣನವರ ಶಿರದ ಮೇಲೆ ಏನಿತ್ತೆಂಬುದಕ್ಕೆ ಶರಣ ಪರಂಪರೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಅವರ 'ಶರಣು ಶರಣಾರ್ಥಿ'ಯ ಋಣ ತೀರಿಸಲು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು. ಇವನ್ನು ಮೆಟ್ಟುವ ಯೋಗ್ಯತೆ ತನಗಿಲ್ಲವೆಂದು ಬಸವಣ್ಣನವರು ಅವನ್ನು ತಲೆಯ ಮೇಲೆ ಇಟ್ಟುಕೊಂಡರು. ಬರುವ ಬಸವ ಜಯಂತಿಗೆ ಮಗುವಿಗೆ ವೇಷ ಕಟ್ಟುವ ತಂದೆತಾಯಿಗಳು ಇದನ್ನು ನೆನೆಯಲಿ. ರಟ್ಟಿನ ಕಿರೀಟವನ್ನು ಪಕ್ಕಕ್ಕಿಡಲಿ. ಬಿಳಿಯ ಪಂಚೆ, ಹಣೆಗೆ ವಿಭೂತಿ, ಕೊರಳಲ್ಲಿ ಇಷ್ಟಲಿಂಗ, ತಲೆಯ ಮೇಲೆ ಒಂದು ಜೊತೆ ಚರ್ಮದ ಚಪ್ಪಲಿ ಇಷ್ಟಿದ್ದರೆ ಸಾಕು. ಇದೇನೆಂದು ಬೀದಿಯ ಜನ ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಆ ಮಗುವೇ ಹೇಳಲಿ.